ಅಪ್ಪನ ಆಂಟಿಬಾಡಿ ಮಟ್ಟ ಜಾಸ್ತಿ ಇದೆ, ಕ್ಯಾನ್ಸರ್ ಇರಬಹುದಾ?

ಪ್ರಶ್ನೆ: ನಾವು ದಾವಣಗೆರೆಯ ನಿಟುವಳ್ಳಿಯವರು. ತಂದೆಗೆ 66 ವರ್ಷ. ಚನ್ನಗಿರಿ ಹತ್ತಿರ ಅಡಿಕೆ ತೋಟ ಇದೆ, ಈಗಲೂ ಹೋಗಿಬರುತ್ತಾರೆ. ಆರು ತಿಂಗಳಿಂದ ಸುಸ್ತು, ಕೈಬೆರಳಿನ ಗೆಣ್ಣುಗಳಲ್ಲಿ ನೋವು, ಬೆಳಿಗ್ಗೆ ಎದ್ದಾಗ ಬೆರಳು ಮಡಚಲು ಆಗುವುದಿಲ್ಲ. ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದು ನುಂಗುತ್ತಾರೆ. ಹೋದ ತಿಂಗಳು ಫುಲ್ ಬಾಡಿ ಪ್ಯಾಕೇಜ್ ಮಾಡಿಸಿದೆವು. ಹಿಮೋಗ್ಲೋಬಿನ್ 11.2, ಇಎಸ್‌ಆರ್ 72, ಕ್ರಿಯಾಟಿನಿನ್ 1.0, ಟೋಟಲ್ ಪ್ರೋಟೀನ್ 8.6, ಆಲ್ಬುಮಿನ್ 3.6, ಗ್ಲಾಬ್ಯುಲಿನ್ 5.0. ಇದನ್ನು ನೋಡಿ ಲ್ಯಾಬಿನವರು ಆಂಟಿಬಾಡಿ ಪರೀಕ್ಷೆಯನ್ನೂ ಮಾಡಿಸಿದರು. ಐಜಿಜಿ 2,480, ಐಜಿಎ 520, ಐಜಿಎಂ 260. ಮೂರೂ ಕೆಂಪು ಅಕ್ಷರದಲ್ಲಿ ಬಂದಿವೆ. ಮೊಬೈಲಿನಲ್ಲಿ ಹುಡುಕಿದರೆ ಮೈಲೋಮಾ ಎಂಬ ರಕ್ತದ ಕ್ಯಾನ್ಸರ್ ಅಂತ ತೋರಿಸುತ್ತದೆ. ಕಿದ್ವಾಯಿಗೆ ಕರೆದುಕೊಂಡು ಹೋಗಬೇಕಾ? ಆಂಟಿಬಾಡಿ ನೋಡಿ ಎಲ್ಲ ಥರದ ಕ್ಯಾನ್ಸರನ್ನೂ ಮೊದಲೇ ಹಿಡಿಯಬಹುದು ಅಂತ ಒಬ್ಬರು ಹೇಳಿದರು. ಮನೆಯವರೆಲ್ಲ ಮಾಡಿಸಿಕೊಳ್ಳಬೇಕಾ? ಚಿಕ್ಕಪ್ಪ ಗುಟ್ಕಾ ಹಾಕುತ್ತಾರೆ, ಅವರದ್ದೂ ಚಿಂತೆ. ಕೊನೆಗೆ, ತಮ್ಮನ ರಿಪೋರ್ಟಿನಲ್ಲಿ ‘ಆಂಟಿ ಎಚ್‌ಬಿಎಸ್ 340’ ಎಂದಿದೆ. ಅದೂ ಜಾಸ್ತಿನಾ?

ಉತ್ತರ: ನೇರವಾಗಿ ಹೇಳುತ್ತೇನೆ. ನೀವು ಬರೆದಿರುವ ಅಂಕಿಗಳು ಮೈಲೋಮಾದ ಅಂಕಿಗಳ ಹಾಗೆ ಕಾಣುವುದಿಲ್ಲ. ಖಚಿತ ಮಾಡಿಕೊಳ್ಳಲು ಇನ್ನೊಂದು ಪರೀಕ್ಷೆ ಬೇಕು, ಅದನ್ನು ಬಿಡಬೇಡಿ. ಆದರೆ ಇವತ್ತು ರಾತ್ರಿಯೇ ಬಸ್ ಹತ್ತಿ ಬೆಂಗಳೂರಿಗೆ ಓಡುವಂಥದ್ದು ಏನೂ ಇಲ್ಲ. ರಿಪೋರ್ಟಿನ ಕೆಂಪು ಅಕ್ಷರಕ್ಕಿಂತ ನಿಮ್ಮ ತಂದೆಯ ಬೆರಳಿನ ಗೆಣ್ಣುಗಳ ಮೇಲೆಯೇ ನನಗೆ ಜಾಸ್ತಿ ಅನುಮಾನ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಆಂಟಿಬಾಡಿ ಎಲ್ಲಿಂದ ಬರುತ್ತದೆ ಅನ್ನುವುದು ಗೊತ್ತಿರಬೇಕು. ನಮ್ಮ ಮೂಳೆಯೊಳಗಿನ ಮಜ್ಜೆಯಲ್ಲಿ ಪ್ಲಾಸ್ಮಾ ಕೋಶಗಳು ಅಂತ ಇರುತ್ತವೆ. ರೋಗಾಣುಗಳ ಜೊತೆ ಹೋರಾಡುವ ಪ್ರೋಟೀನು, ಅಂದರೆ ಆಂಟಿಬಾಡಿ, ತಯಾರಿಸುವುದೇ ಅವುಗಳ ಕೆಲಸ. ಐಜಿಜಿ, ಐಜಿಎ, ಐಜಿಎಂ ಅನ್ನುವುದು ಆಂಟಿಬಾಡಿಯ ಬಗೆಗಳು. ಒಂದು ಪ್ಲಾಸ್ಮಾ ಕೋಶ ಒಂದೇ ನಮೂನೆಯ ಆಂಟಿಬಾಡಿ ಮಾಡುತ್ತದೆ, ಬೇರೆಯದು ಅದಕ್ಕೆ ಬರುವುದಿಲ್ಲ. ಚಿಕ್ಕಂದಿನಿಂದ ಬಂದುಹೋದ ಜ್ವರ, ಹಾಕಿಸಿಕೊಂಡ ಲಸಿಕೆ, ಹೊಟ್ಟೆಯಲ್ಲಿರುವ ಬ್ಯಾಕ್ಟೀರಿಯಾ, ಹೀಗೆ ಒಂದೊಂದಕ್ಕೂ ಬೇರೆ ಬೇರೆ ಕೋಶಗಳ ಗುಂಪು ಇರುತ್ತದೆ. ಲ್ಯಾಬಿನವರು ಐಜಿಜಿ 2,480 ಅಂತ ಕೊಡುವುದು ಈ ಎಲ್ಲ ಗುಂಪುಗಳೂ ಸೇರಿ ಮಾಡಿದ ಐಜಿಜಿಯ ಒಟ್ಟು ಲೆಕ್ಕ, ಒಂದು ಡೆಸಿಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು. ದೊಡ್ಡವರಲ್ಲಿ ಸಾಮಾನ್ಯವಾಗಿ ಐಜಿಜಿ 700ರಿಂದ 1,600, ಐಜಿಎ 70ರಿಂದ 400, ಐಜಿಎಂ 40ರಿಂದ 230 ಇರುತ್ತದೆ. ಲ್ಯಾಬಿನಿಂದ ಲ್ಯಾಬಿಗೆ ಸ್ವಲ್ಪ ವ್ಯತ್ಯಾಸ ಇರುತ್ತದೆ.

ಈ ಒಟ್ಟು ಲೆಕ್ಕದಲ್ಲಿ ಒಂದು ವಿಷಯ ಮುಚ್ಚಿಹೋಗುತ್ತದೆ. ಸಾವಿರಾರು ಗುಂಪುಗಳು ಸ್ವಲ್ಪ ಸ್ವಲ್ಪ ಜಾಸ್ತಿ ಮಾಡಿ 2,480 ಆಯಿತಾ, ಅಥವಾ ಒಂದೇ ಒಂದು ಗುಂಪು ಹದ್ದು ಮೀರಿ ಮಾಡಿ 2,480 ಆಯಿತಾ? ಕ್ಯಾನ್ಸರ್ ಪ್ರಶ್ನೆ ಇರುವುದು ಪೂರ್ತಿ ಇಲ್ಲೇ. ದುಗ್ಗಮ್ಮನ ಜಾತ್ರೆಯಲ್ಲಿ ನಿಂತರೆ ಕಿವಿ ಕಿವುಡಾಗುವಷ್ಟು ಗದ್ದಲ ಇರುತ್ತದೆ, ಆದರೆ ಅದು ಸಾವಿರ ಜನರ ಮಾತು. ಊರು ಮಲಗಿದ ಮೇಲೆ ಒಂದೇ ಮೈಕು ಒಂದೇ ಮಾತನ್ನು ಬಿಡದೆ ಕೂಗುತ್ತಿದ್ದರೂ ಗದ್ದಲ ಅಷ್ಟೇ ಇರಬಹುದು. ಸದ್ದನ್ನು ಅಳೆಯುವ ಯಂತ್ರಕ್ಕೆ ಎರಡೂ ಒಂದೇ. ಜಾತ್ರೆ ಗದ್ದಲಕ್ಕೆ ವೈದ್ಯರು ಪಾಲಿಕ್ಲೋನಲ್ ಅನ್ನುತ್ತಾರೆ. ಒಂದೇ ಮೈಕಿಗೆ ಮಾನೋಕ್ಲೋನಲ್. ಸ್ವೀಡನ್ನಿನ ಯಾನ್ ವಾಲ್ಡೆನ್‌ಸ್ಟ್ರಾಮ್ ಎಂಬ ವೈದ್ಯರು 1960ರ ದಶಕದ ಆರಂಭದಲ್ಲಿ ಈ ಭೇದವನ್ನು ಸ್ಪಷ್ಟ ಮಾಡಿದರು. ಅವತ್ತಿನಿಂದ ಈ ವಿಷಯದ ಆಲೋಚನೆಯೆಲ್ಲ ಅದರ ಮೇಲೆಯೇ ನಿಂತಿದೆ.

ಈಗ ನಿಮ್ಮ ತಂದೆಯ ಅಂಕಿಗಳಿಗೆ ಬನ್ನಿ. ಐಜಿಜಿ, ಐಜಿಎ, ಐಜಿಎಂ ಮೂರೂ ಒಟ್ಟಿಗೆ ಏರಿವೆ. ಮೈಲೋಮಾದಲ್ಲಿ ಸಾಮಾನ್ಯವಾಗಿ ಹಾಗೆ ಆಗುವುದಿಲ್ಲ. ಹುಚ್ಚೆದ್ದು ಬೆಳೆದ ಒಂದು ಗುಂಪು ಮಜ್ಜೆಯಲ್ಲಿ ಜಾಗ ಹಿಡಿದು ಉಳಿದ ಗುಂಪುಗಳನ್ನು ಅಡಗಿಸಿಬಿಡುತ್ತದೆ. ಐಜಿಜಿ 4,500 ಇದ್ದರೆ ಐಜಿಎ 30ಕ್ಕೆ, ಐಜಿಎಂ 15ಕ್ಕೆ ಇಳಿದಿರುವ ಚಿತ್ರ ಮೈಲೋಮಾದ್ದು. ಅದಕ್ಕೇ ಆ ರೋಗಿಗಳಿಗೆ ಆಂಟಿಬಾಡಿ ರಾಶಿ ಇದ್ದರೂ ಪದೇ ಪದೇ ನ್ಯುಮೋನಿಯಾ ಬರುತ್ತದೆ. ರಾಶಿ ಇರುವುದು ಕೆಲಸಕ್ಕೆ ಬಾರದ ಒಂದೇ ನಮೂನೆ.

ಮೂರೂ ಏರುವುದಕ್ಕೆ ನಮ್ಮ ಕಡೆ ಕಾರಣಗಳಿಗೆ ಬರ ಇಲ್ಲ. ಕ್ಷಯ, ಲಿವರ್ ಸಿರೋಸಿಸ್, ಹೆಪಟೈಟಿಸ್ ಬಿ ಮತ್ತು ಸಿ, ಎಚ್‌ಐವಿ, ತುಂಬಾ ದಿನ ಒಣಗದ ಹುಣ್ಣು, ದೇಹ ತನ್ನ ಮೇಲೆಯೇ ತಿರುಗಿ ಬೀಳುವ ಲೂಪಸ್, ಶೋಗ್ರನ್, ಸಂಧಿವಾತದಂಥ ರೋಗಗಳು. ಇವೆಲ್ಲದರಲ್ಲೂ ದೇಹ ದಿನವೂ ಯಾವುದರ ಜೊತೆಗೋ ಗುದ್ದಾಡುತ್ತಿರುತ್ತದೆ, ಆಂಟಿಬಾಡಿ ಏರುತ್ತದೆ. ಗ್ಲಾಬ್ಯುಲಿನ್ ಏರಿ ಆಲ್ಬುಮಿನ್ ಇಳಿದು ಎರಡರ ಪ್ರಮಾಣ ತಲೆಕೆಳಗಾಗುತ್ತದೆ. ಆಂಟಿಬಾಡಿ ಜಾಸ್ತಿ ಇದ್ದಾಗ ಕೆಂಪು ರಕ್ತಕಣಗಳು ಒಂದಕ್ಕೊಂದು ಅಂಟಿಕೊಂಡು ಬೇಗ ತಳಕ್ಕೆ ಇಳಿಯುತ್ತವೆ, ಹಾಗಾಗಿ ಇಎಸ್‌ಆರ್ ಕೂಡ ಏರುತ್ತದೆ. ನಿಮ್ಮ ತಂದೆಯ ಗ್ಲಾಬ್ಯುಲಿನ್ 5.0, ಇಎಸ್‌ಆರ್ 72, ಏರಿದ ಆಂಟಿಬಾಡಿಗಳು, ಇವು ಮೂರು ಬೇರೆ ಬೇರೆ ಕೆಟ್ಟ ಸುದ್ದಿಗಳಲ್ಲ. ಒಂದೇ ಸುದ್ದಿ ಮೂರು ಸಾಲಿನಲ್ಲಿ ಬಂದಿದೆ. ಕೆಂಪು ಅಕ್ಷರಗಳನ್ನು ಎಣಿಸಿ ಹೆದರುವವರಿಗೆ ನಾನು ಇದನ್ನು ಪ್ರತಿ ಸಲವೂ ಹೇಳುತ್ತೇನೆ.

66ರ ವಯಸ್ಸು, ಬೆರಳಿನ ಗೆಣ್ಣು ನೋವು, ಬೆಳಿಗ್ಗೆ ಬೆರಳು ಮಡಚಲು ಆಗದಿರುವುದು, ಸುಸ್ತು, ಸ್ವಲ್ಪ ರಕ್ತಹೀನತೆ. ಇದು ಓದಲಿಕ್ಕೆ ರುಮಟಾಯ್ಡ್ ಆರ್ಥ್ರೈಟಿಸ್ ಎಂಬ ಸಂಧಿವಾತದ ಹಾಗೆ ಇದೆ. ಬೆಳಗಿನ ಬಿಗಿತ ಒಂದು ಗಂಟೆಗಿಂತ ಜಾಸ್ತಿ ಇರುತ್ತದಾ, ಎರಡೂ ಕೈಗೆ ಸಮನಾಗಿ ಇದೆಯಾ, ಗೆಣ್ಣು ಊದಿದೆಯಾ ಅಂತ ನೋಡಿ, ವೈದ್ಯರಿಗೆ ಹೇಳಿ. ಆರ್‌ಎ ಫ್ಯಾಕ್ಟರ್ ಮತ್ತು ಆಂಟಿ ಸಿಸಿಪಿ ಎಂಬ ಎರಡು ಪರೀಕ್ಷೆ ಬರೆದುಕೊಡುತ್ತಾರೆ. ಅವೂ ಆಂಟಿಬಾಡಿಗಳೇ. ಆರ್‌ಎ ಫ್ಯಾಕ್ಟರ್ ಅಂದರೆ ನಮ್ಮದೇ ಐಜಿಜಿಯ ಮೇಲೆ ತಿರುಗಿ ಬೀಳುವ ಇನ್ನೊಂದು ಆಂಟಿಬಾಡಿ. ನಾನು ಪತ್ರ ಓದಿ ಹೇಳುತ್ತಿದ್ದೇನೆ, ಕೈ ಮುಟ್ಟಿ ನೋಡಿಲ್ಲ. ಹಾಗಾಗಿ ಜನರಲ್ ಫಿಜಿಷಿಯನ್ ಒಬ್ಬರಿಗೆ ತೋರಿಸಲೇಬೇಕು. ಚಿಗಟೇರಿ ಜಿಲ್ಲಾ ಆಸ್ಪತ್ರೆಯಾದರೂ ಸರಿ, ನಿಮಗೆ ರೂಢಿ ಇರುವ ಬೇರೆ ವೈದ್ಯರಾದರೂ ಸರಿ. ಜೊತೆಗೆ ಎದೆಯ ಎಕ್ಸ್‌ರೇ, ಹೊಟ್ಟೆ ಸ್ಕ್ಯಾನಿಂಗ್, ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿ ಪರೀಕ್ಷೆಗಳನ್ನು ಅವರು ಕೇಳಿದರೆ ಗಾಬರಿ ಬೇಡ. ಆಂಟಿಬಾಡಿ ಯಾಕೆ ಏರಿದೆ ಅಂತ ಹುಡುಕುವ ದಾರಿ ಅದೇ.

ಮಾಡಿಸಲೇಬೇಕಾದ ಇನ್ನೊಂದು ಪರೀಕ್ಷೆ ಅಂದೆನಲ್ಲ, ಅದರ ಹೆಸರು ಸೀರಮ್ ಪ್ರೋಟೀನ್ ಎಲೆಕ್ಟ್ರೋಫೋರೆಸಿಸ್. ರಕ್ತದ ತಿಳಿನೀರನ್ನು ಜೆಲ್ ಮೇಲೆ ಅಥವಾ ಸಣ್ಣ ಕೊಳವೆಯಲ್ಲಿ ಇಟ್ಟು ವಿದ್ಯುತ್ ಹರಿಸುತ್ತಾರೆ. ಪ್ರೋಟೀನುಗಳು ತಮ್ಮ ತಮ್ಮ ವಿದ್ಯುದಂಶಕ್ಕೆ ತಕ್ಕಂತೆ ಓಡಿ ಬೇರೆ ಬೇರೆ ಜಾಗದಲ್ಲಿ ನಿಲ್ಲುತ್ತವೆ. ಆಲ್ಬುಮಿನ್ ಎಲ್ಲಕ್ಕಿಂತ ಮುಂದೆ. ಆಂಟಿಬಾಡಿಗಳು ಹೆಚ್ಚಾಗಿ ಗಾಮಾ ಎನ್ನುವ ಕೊನೆಯ ಭಾಗದಲ್ಲಿ. ಸಾವಿರ ಗುಂಪುಗಳ ಆಂಟಿಬಾಡಿ ಇದ್ದರೆ ಆ ಭಾಗದಲ್ಲಿ ಅಗಲವಾದ ದಿಬ್ಬ ಮೂಡುತ್ತದೆ. ಒಂದೇ ಗುಂಪಿನದ್ದಾದರೆ ಎಲ್ಲವೂ ಒಂದೇ ಜಾಗಕ್ಕೆ ಓಡಿ ನಿಂತು ಚೂಪಾದ ಗೆರೆ ಏಳುತ್ತದೆ. ಅದನ್ನೇ ಎಂ ಬ್ಯಾಂಡ್ ಅನ್ನುವುದು. ಈ ವಿಧಾನವನ್ನು ಬೆಳೆಸಿದ ಆರ್ನೆ ಟಿಸೇಲಿಯಸ್ ಅವರಿಗೆ 1948ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಹಳೆಯ ಪರೀಕ್ಷೆ, ಆದರೆ ಈ ಪ್ರಶ್ನೆಗೆ ಇವತ್ತಿಗೂ ಇದೇ ಮೊದಲ ಉತ್ತರ. ದಾವಣಗೆರೆಯಲ್ಲೇ ರಕ್ತ ಕೊಡಬಹುದು. ಸ್ಯಾಂಪಲ್ ಹೊರಗೆ ಹೋಗಿ ಬರಬೇಕಾದರೆ ರಿಪೋರ್ಟಿಗೆ ಕೆಲವು ದಿನ ಹಿಡಿಯಬಹುದು. ಅಷ್ಟು ದಿನ ಕಾಯುವುದರಿಂದ ನಿಮ್ಮ ತಂದೆಗೆ ತೊಂದರೆ ಇಲ್ಲ.

ಚೂಪಾದ ಗೆರೆ ಬಂದರೆ ಇಮ್ಯುನೋಫಿಕ್ಸೇಶನ್ ಎಂಬ ಪರೀಕ್ಷೆ ಮಾಡಿ ಅದು ಯಾವ ಜಾತಿಯ ಆಂಟಿಬಾಡಿ ಅಂತ ಗುರುತಿಸುತ್ತಾರೆ. ಸೀರಮ್ ಫ್ರೀ ಲೈಟ್ ಚೈನ್ ಎಂಬ ಇನ್ನೊಂದು ಪರೀಕ್ಷೆಯೂ ಜೊತೆಗೆ ಬರುತ್ತದೆ. ಇದು ಯಾಕೆ ಬೇಕು ಅಂದರೆ, ಮೈಲೋಮಾ ಇರುವ ಐದಾರು ಜನರಲ್ಲಿ ಒಬ್ಬರ ಕೋಶಗಳು ಪೂರ್ತಿ ಆಂಟಿಬಾಡಿ ಮಾಡುವುದೇ ಇಲ್ಲ. ಅದರ ಒಂದು ತುಂಡನ್ನು, ಲೈಟ್ ಚೈನ್ ಅನ್ನು ಮಾತ್ರ ಮಾಡಿ ಸುರಿಯುತ್ತವೆ. ಅಂಥವರ ಐಜಿಜಿ, ಐಜಿಎ, ಐಜಿಎಂ ಮೂರೂ ಕಡಿಮೆ ಬರಬಹುದು. ಗ್ಲಾಬ್ಯುಲಿನ್ ಸರಿಯಾಗೇ ಕಾಣಬಹುದು. ಅಂದರೆ ಆಂಟಿಬಾಡಿ ಜಾಸ್ತಿ ಇದ್ದವರಿಗೆಲ್ಲ ಕ್ಯಾನ್ಸರ್ ಇರುವುದಿಲ್ಲ, ಕಡಿಮೆ ಇದ್ದವರೆಲ್ಲ ಪಾರಾದರು ಅಂತಲೂ ಅಲ್ಲ. ಕ್ರಾನಿಕ್ ಲಿಂಫೋಸೈಟಿಕ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರಿನಲ್ಲಂತೂ ಐಜಿಜಿ ಇಳಿಯುವುದೇ ಸಾಮಾನ್ಯ.

ಈ ಲೈಟ್ ಚೈನಿನ ಕಥೆ ಹಳೆಯದು. ಲಂಡನ್ನಿನ ಹೆನ್ರಿ ಬೆನ್ಸ್ ಜೋನ್ಸ್ ಎಂಬ ವೈದ್ಯರ ಹತ್ತಿರ 1845ರಲ್ಲಿ ಒಬ್ಬ ರೋಗಿಯ ಮೂತ್ರ ಬಂತು. ಕಾಯಿಸಿದರೆ ಗಟ್ಟಿಯಾಗಿ ಬೆಳ್ಳಗಾಗುತ್ತಿತ್ತು, ಕುದಿಯುವ ಹಂತಕ್ಕೆ ಬಂದರೆ ಮತ್ತೆ ಕರಗಿ ತಿಳಿಯಾಗುತ್ತಿತ್ತು. ಆ ರೋಗಿಯ ಮೂಳೆಗಳು ಪುಡಿಪುಡಿಯಾಗುತ್ತಿದ್ದವು. ಮೂತ್ರದಲ್ಲಿದ್ದ ಆ ವಸ್ತು ಆಂಟಿಬಾಡಿಯ ಲೈಟ್ ಚೈನ್ ಅಂತ ತೋರಿಸಿಕೊಟ್ಟದ್ದು 1962ರಲ್ಲಿ, ಜೆರಾಲ್ಡ್ ಎಡೆಲ್ಮನ್ ಮತ್ತು ಜೋಸೆಫ್ ಗ್ಯಾಲಿ. ಕ್ಯಾನ್ಸರಿಗೆ ಸಿಕ್ಕ ಮೊದಲ ರಾಸಾಯನಿಕ ಗುರುತು ಅಂತ ಬೆನ್ಸ್ ಜೋನ್ಸ್ ಪ್ರೋಟೀನನ್ನೇ ಹೇಳುತ್ತಾರೆ. ಒಂದು ಎಚ್ಚರಿಕೆ ಏನೆಂದರೆ, ಲ್ಯಾಬಿನಲ್ಲಿ ಮೂತ್ರಕ್ಕೆ ಅದ್ದುವ ಪಟ್ಟಿ ಮುಖ್ಯವಾಗಿ ಆಲ್ಬುಮಿನ್ ಹಿಡಿಯುತ್ತದೆ, ಇದನ್ನು ಹಿಡಿಯುವುದಿಲ್ಲ. ‘ಮೂತ್ರದಲ್ಲಿ ಪ್ರೋಟೀನ್ ಇಲ್ಲ’ ಅನ್ನುವ ರಿಪೋರ್ಟ್ ನಂಬಿ ಮೈಲೋಮಾ ಇಲ್ಲ ಅಂತ ತೀರ್ಮಾನಿಸಬಾರದು.

ಸಣ್ಣ ಎಂ ಬ್ಯಾಂಡ್ ಬಂದರೂ ಅದು ಕ್ಯಾನ್ಸರ್ ಅಂತ ಅಲ್ಲ. ಅಮೆರಿಕದ ಮೇಯೋ ಕ್ಲಿನಿಕ್ಕಿನ ರಾಬರ್ಟ್ ಕೈಲ್ 1978ರಲ್ಲಿ ಇಂಥ ಸ್ಥಿತಿಗೆ ಎಂಗಸ್ ಎಂಬ ಹೆಸರು ಕೊಟ್ಟರು. ಮಿನೆಸೋಟಾದ ಒಂದು ಕೌಂಟಿಯಲ್ಲಿ ಅವರ ತಂಡ ನೋಡಿದಾಗ 50 ದಾಟಿದವರಲ್ಲಿ ನೂರಕ್ಕೆ ಸುಮಾರು 3 ಜನಕ್ಕೆ, 70 ದಾಟಿದವರಲ್ಲಿ ನೂರಕ್ಕೆ 5 ಜನಕ್ಕೆ ಇದು ಇತ್ತು. ಅವರಲ್ಲಿ ವರ್ಷಕ್ಕೆ ನೂರರಲ್ಲಿ ಒಬ್ಬರಿಗೆ ಮಾತ್ರ ಮೈಲೋಮಾ ಅಥವಾ ಅದರ ಹತ್ತಿರದ ರೋಗ ಬರುತ್ತದೆ. ಉಳಿದವರು ಅದರ ಜೊತೆಗೇ ಬದುಕಿ, ಬೇರೆ ಯಾವುದೋ ಕಾರಣಕ್ಕೆ ತೀರಿಕೊಳ್ಳುತ್ತಾರೆ. ಇದಕ್ಕೆ ಔಷಧಿ ಇಲ್ಲ, ಬೇಕಾಗಿಯೂ ಇಲ್ಲ. ವೈದ್ಯರು ಹೇಳಿದ ಅವಧಿಗೊಮ್ಮೆ ರಕ್ತ ನೋಡಿಸಿಕೊಂಡರೆ ಆಯಿತು. ನನ್ನನ್ನು ಕೇಳಿದರೆ, ಸುಮ್ಮನೆ ಪ್ಯಾಕೇಜಿನಲ್ಲಿ ಇದನ್ನು ಕಂಡುಹಿಡಿಸಿಕೊಂಡು ಇಪ್ಪತ್ತು ವರ್ಷ ನಿದ್ದೆಗೆಡುವುದರಲ್ಲಿ ಲಾಭ ಕಡಿಮೆ.

ಮೈಲೋಮಾ ಅಂತ ಹೇಳಬೇಕಾದರೆ ಮಜ್ಜೆಯಲ್ಲಿ ಒಂದೇ ಗುಂಪಿನ ಪ್ಲಾಸ್ಮಾ ಕೋಶಗಳು ನೂರಕ್ಕೆ 10ರಷ್ಟಾದರೂ ಇರಬೇಕು. ಜೊತೆಗೆ ಸಾಮಾನ್ಯವಾಗಿ ನಾಲ್ಕರಲ್ಲಿ ಒಂದಾದರೂ ಕೆಟ್ಟಿರಬೇಕು: ರಕ್ತದ ಕ್ಯಾಲ್ಸಿಯಂ ಏರಿರಬೇಕು, ಕಿಡ್ನಿ ಕುಗ್ಗಿರಬೇಕು, ಹಿಮೋಗ್ಲೋಬಿನ್ ಚೆನ್ನಾಗಿ ಇಳಿದಿರಬೇಕು, ಇಲ್ಲವೇ ಮೂಳೆಯಲ್ಲಿ ತೂತು ಬಿದ್ದಿರಬೇಕು. ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್ ನಿಮ್ಮ ತಂದೆಗೆ 1.0, ಚೆನ್ನಾಗಿದೆ. ಹಿಮೋಗ್ಲೋಬಿನ್ 11.2, ಸ್ವಲ್ಪ ಕಡಿಮೆ, ಸಂಧಿವಾತದಲ್ಲೂ ಇಷ್ಟು ಇಳಿಯುತ್ತದೆ. ಇಷ್ಟು ದೊಡ್ಡ ಪ್ಯಾಕೇಜಿನಲ್ಲಿ ಕ್ಯಾಲ್ಸಿಯಂ ನೋಡಿದಂತಿಲ್ಲ, ಇಲ್ಲವೇ ನೀವು ಬರೆದಿಲ್ಲ. ನೋಡಿರದಿದ್ದರೆ ಮಾಡಿಸಿ, ಜಾಸ್ತಿ ಖರ್ಚಿಲ್ಲ.

ಮೂಳೆಯ ಮಾತು ಬಂದಾಗ ಚಿತ್ರದುರ್ಗದ ಓದುಗರಿಗೆ ಒಂದು ಮಾತು. ಚಳ್ಳಕೆರೆ, ಮೊಳಕಾಲ್ಮುರು ಕಡೆ ಕೊಳವೆ ಬಾವಿ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಅಲ್ಲಿಯ ವಯಸ್ಸಾದವರಲ್ಲಿ ಬೆನ್ನು, ಸೊಂಟ ಬಿಗಿದು ನೋಯುವುದು ಹೊಸದಲ್ಲ. ಹಾಗಾಗಿ ‘ನೀರಿನದ್ದೇ’ ಅಂತ ಎಲ್ಲ ನೋವನ್ನೂ ಅದರ ಲೆಕ್ಕಕ್ಕೇ ಹಾಕಿಬಿಡುತ್ತಾರೆ. ಎಕ್ಸ್‌ರೇ ನೋಡಿದರೆ ಎರಡೂ ಪೂರ್ತಿ ತದ್ವಿರುದ್ಧ. ಫ್ಲೋರೋಸಿಸ್‌ನಲ್ಲಿ ಮೂಳೆ ದಟ್ಟವಾಗಿ, ಬೆಳ್ಳಗೆ ಕಾಣುತ್ತದೆ. ಮೈಲೋಮಾದಲ್ಲಿ ಮೂಳೆ ಸವೆದು ಕಪ್ಪು ತೂತುಗಳಾಗುತ್ತವೆ. 60 ದಾಟಿದವರಿಗೆ ಹೊಸದಾಗಿ ಬೆನ್ನು ನೋವು ಶುರುವಾಗಿ, ಮಲಗಿದರೂ ಕಡಿಮೆಯಾಗದೆ ವಾರಗಟ್ಟಲೆ ಇದ್ದರೆ, ನೀರಿನ ಮೇಲೆ ಹಾಕಿ ಕೂರಬೇಡಿ. ಎಕ್ಸ್‌ರೇ ತೆಗೆಸಿ, ಹಿಮೋಗ್ಲೋಬಿನ್, ಕ್ರಿಯಾಟಿನಿನ್, ಕ್ಯಾಲ್ಸಿಯಂ ನೋಡಿಸಿ. ಒಂದು ಸಣ್ಣ ಕೊಡ ಎತ್ತಿದ್ದಕ್ಕೆ ಮೂಳೆ ಮುರಿದರೆ, ಎತ್ತರ ಕುಗ್ಗಿದರೆ, ವಿಪರೀತ ಬಾಯಾರಿಕೆ ಮತ್ತು ಮಲಬದ್ಧತೆ ಶುರುವಾದರೆ ಬೇಗ ಹೋಗಿ. ಕಾಲು ಸೋತು ನಡೆಯಲು ಆಗದಿದ್ದರೆ, ಮೂತ್ರ ಕಟ್ಟಿಕೊಂಡರೆ ಅವತ್ತೇ ಆಸ್ಪತ್ರೆ ಸೇರಬೇಕು, ಮಾರನೆಯ ದಿನ ಅಲ್ಲ. ಬೆನ್ನುಹುರಿ ಒತ್ತಿಹೋಗುತ್ತಿರುವ ಲಕ್ಷಣ ಅದು.

ನಿಮ್ಮ ಪತ್ರದಲ್ಲಿ ನನಗೆ ನಿಜಕ್ಕೂ ಚಿಂತೆಯಾದದ್ದು ಆ ನೋವಿನ ಮಾತ್ರೆ. ಆಂಟಿಬಾಡಿ ಏರಿರುವ ಕಾರಣ ಗೊತ್ತಾಗುವವರೆಗೂ ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದ ಮಾತ್ರೆಗಳನ್ನು ತಾವೇ ತಂದು ನುಂಗುವುದು ಬೇಡ. ಲೈಟ್ ಚೈನ್ ಇರುವ ಕಿಡ್ನಿಗೆ ಈ ಮಾತ್ರೆ ಬಿದ್ದರೆ ಕಿಡ್ನಿ ಕೈಕೊಡಬಹುದು. ಮೈಲೋಮಾ ಇಲ್ಲದಿದ್ದರೂ 66ರ ವಯಸ್ಸಿನಲ್ಲಿ ದಿನಾ ನುಂಗಿದರೆ ಹೊಟ್ಟೆ, ಕಿಡ್ನಿ ಎರಡಕ್ಕೂ ಕೇಡು. ವೈದ್ಯರಿಗೆ ತೋರಿಸುವವರೆಗೆ ಪ್ಯಾರಾಸಿಟಮಾಲ್ ಸಾಕು. ಅಂಗಡಿಯವರು ಬಿಡಿ ಬಿಡಿಯಾಗಿ ಕಟ್ಟಿ ಕೊಡುವ ‘ಕೀಲು ನೋವಿನ ಸೆಟ್’ ಇನ್ನೂ ಕೆಟ್ಟದ್ದು. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ನೋವು ಎರಡೇ ದಿನಕ್ಕೆ ಮಾಯವಾಗುತ್ತದೆ. ಜೊತೆಗೆ ನಾವು ಹುಡುಕುತ್ತಿರುವ ಗುರುತೂ ಮಸುಕಾಗುತ್ತದೆ. ಡೆಕ್ಸಾಮೆಥಸೋನ್ ಮೈಲೋಮಾಕ್ಕೇ ಕೊಡುವ ಔಷಧಿಗಳಲ್ಲಿ ಒಂದು, ಹಾಗಾಗಿ ಎಂ ಬ್ಯಾಂಡನ್ನೇ ಕುಗ್ಗಿಸಿಬಿಡಬಹುದು. ಏನು ನುಂಗುತ್ತಿದ್ದಾರೆ ಅಂತ ಚೀಟಿ, ಖಾಲಿ ಪಟ್ಟಿ ಎಲ್ಲ ತೆಗೆದುಕೊಂಡು ಹೋಗಿ ವೈದ್ಯರಿಗೆ ತೋರಿಸಿ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ಆಂಟಿಬಾಡಿ ನೋಡಿ ಎಲ್ಲ ಕ್ಯಾನ್ಸರನ್ನೂ ಮೊದಲೇ ಹಿಡಿಯಬಹುದಾ? ನಿಮಗೆ ಹೇಳಿದವರು ಪೂರ್ತಿ ಸುಳ್ಳು ಹೇಳಿಲ್ಲ. ಅದರ ಹಿಂದೆ ನಿಜವಾದ ವಿಜ್ಞಾನ ಇದೆ, ಅದು ಇನ್ನೂ ನಮ್ಮ ಮನೆ ಬಾಗಿಲಿಗೆ ಬರುವಷ್ಟು ಪಕ್ವ ಆಗಿಲ್ಲ, ಅಷ್ಟೇ.

ಕ್ಯಾನ್ಸರ್ ಕೋಶ ಕೆಲವು ಪ್ರೋಟೀನುಗಳನ್ನು ತಪ್ಪು ರೂಪದಲ್ಲಿ ಮಾಡುತ್ತದೆ. ದೇಹ ಅದನ್ನು ಪರಕೀಯ ಅಂತ ತಿಳಿದು ಅದರ ಮೇಲೆ ಆಂಟಿಬಾಡಿ ಹುಟ್ಟಿಸುತ್ತದೆ. 1982ರಲ್ಲಿ ಕೆಲವು ಸ್ತನ ಕ್ಯಾನ್ಸರ್ ರೋಗಿಗಳ ರಕ್ತದಲ್ಲಿ ಪಿ53 ಎಂಬ ಪ್ರೋಟೀನಿನ ಮೇಲೆ ಆಂಟಿಬಾಡಿ ಸಿಕ್ಕಿತು. ಗಡ್ಡೆ ತುಂಬಾ ಸಣ್ಣದಿದ್ದಾಗಲೂ ಇಂಥ ಆಂಟಿಬಾಡಿ ಏಳಬಹುದು ಅನ್ನುವುದೇ ಎಲ್ಲರ ಆಸೆ. ಆದರೆ ರೋಗ ಇರುವ ಬಹಳ ಜನರಲ್ಲಿ ಅದು ಏಳುವುದೇ ಇಲ್ಲ. ಹಾಗಾಗಿ ನಾಲ್ಕಾರು ಆಂಟಿಬಾಡಿಗಳನ್ನು ಒಟ್ಟಿಗೆ ನೋಡುವ ಪ್ಯಾನಲ್‌ಗಳು ಬಂದವು. ಶ್ವಾಸಕೋಶದ ಕ್ಯಾನ್ಸರಿಗೆ ಏಳು ಆಂಟಿಬಾಡಿಗಳ ಒಂದು ಪ್ಯಾನಲನ್ನು ಸ್ಕಾಟ್ಲೆಂಡಿನಲ್ಲಿ ದೊಡ್ಡದಾಗಿ ಪರೀಕ್ಷಿಸಿದರು. ಧೂಮಪಾನದಿಂದ ಅಪಾಯ ಹೆಚ್ಚಿರುವ 12,208 ಜನ ಅದರಲ್ಲಿದ್ದರು. ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಪರೀಕ್ಷೆ ಮಾಡಿಸಿಕೊಂಡ ಗುಂಪಿನಲ್ಲಿ ಕೊನೆಯ ಹಂತದಲ್ಲಿ ಸಿಕ್ಕ ಕ್ಯಾನ್ಸರುಗಳು ಕಡಿಮೆ ಇದ್ದವು. ಒಳ್ಳೆಯ ಸುದ್ದಿಯೇ. ಒಳಗಿನ ಲೆಕ್ಕ ಮಾತ್ರ ಬೇರೆ ಥರ ಇದೆ. ಪಾಸಿಟಿವ್ ಬಂದವರು ಸುಮಾರು 600, ಎರಡು ವರ್ಷದಲ್ಲಿ ಅವರಲ್ಲಿ ಕ್ಯಾನ್ಸರ್ ಸಿಕ್ಕಿದ್ದು 18 ಜನಕ್ಕೆ. ಪರೀಕ್ಷೆ ಮಾಡಿಸಿಕೊಂಡವರಲ್ಲಿ ಒಟ್ಟು 56 ಕ್ಯಾನ್ಸರ್ ಬಂದಿದ್ದವು, ಅಂದರೆ 38 ಜನಕ್ಕೆ ನೆಗೆಟಿವ್ ಅಂತ ಬಂದು ಆಮೇಲೆ ಕ್ಯಾನ್ಸರ್ ಸಿಕ್ಕಿತು.

ಯಾಕೆ ಹೀಗೆ ಅಂದರೆ, ಯಾವುದೇ ಒಂದು ವರ್ಷದಲ್ಲಿ ಕ್ಯಾನ್ಸರ್ ಇರುವವರು ಇಲ್ಲದವರಿಗಿಂತ ತುಂಬಾ ಕಡಿಮೆ. ಲೆಕ್ಕಕ್ಕೆ ಅಂತ ಇಟ್ಟುಕೊಳ್ಳಿ: 10,000 ಜನರಲ್ಲಿ 20 ಜನಕ್ಕೆ ರೋಗ ಇದೆ. ಪರೀಕ್ಷೆ ನೂರಕ್ಕೆ 80 ರೋಗಿಗಳನ್ನು ಹಿಡಿಯುತ್ತದೆ, ಆರೋಗ್ಯವಂತರಲ್ಲಿ ನೂರಕ್ಕೆ 5 ಜನರನ್ನು ಮಾತ್ರ ತಪ್ಪಾಗಿ ಪಾಸಿಟಿವ್ ಅನ್ನುತ್ತದೆ. ಕೇಳಲಿಕ್ಕೆ ಒಳ್ಳೆಯ ಪರೀಕ್ಷೆ, ಅಲ್ವಾ? ರೋಗ ಇರುವ 20ರಲ್ಲಿ 16 ಜನ ಸಿಗುತ್ತಾರೆ. ರೋಗ ಇಲ್ಲದ 9,980ರಲ್ಲಿ 499 ಜನರೂ ಸಿಗುತ್ತಾರೆ. ಒಟ್ಟು 515 ಮನೆಗಳಲ್ಲಿ ಒಲೆ ಹೊತ್ತುವುದಿಲ್ಲ, ನಿಜವಾದ ರೋಗ 16 ಮನೆಯಲ್ಲಿ. ಉಳಿದವರು ಸಿಟಿ ಸ್ಕ್ಯಾನ್, ಎಂಡೋಸ್ಕೋಪಿ, ಬಯಾಪ್ಸಿ ಅಂತ ಸುತ್ತಬೇಕು. ಸ್ಕಾಟ್ಲೆಂಡಿನಲ್ಲಿ ಪರೀಕ್ಷಿಸಿದ್ದು ಅಪಾಯ ಹೆಚ್ಚಿರುವವರನ್ನು ಮಾತ್ರ. ನಿಮ್ಮ ಮನೆಯ ಆರೋಗ್ಯವಂತ ಹುಡುಗರನ್ನು ಸಾಲಾಗಿ ಕೂರಿಸಿ ಮಾಡಿದರೆ ಲೆಕ್ಕ ಇನ್ನೂ ಕೆಡುತ್ತದೆ.

ಕೆಲವು ಕಡೆ ಆಂಟಿಬಾಡಿ ನಿಜಕ್ಕೂ ಸುಳಿವು ಕೊಡುತ್ತದೆ. ದಕ್ಷಿಣ ಚೀನಾದಲ್ಲಿ ಮೂಗಿನ ಹಿಂಭಾಗದ ಕ್ಯಾನ್ಸರ್ ಜಾಸ್ತಿ. ಅಲ್ಲಿ ಎಪ್‌ಸ್ಟೈನ್-ಬಾರ್ ವೈರಸ್ಸಿನ ಮೇಲಿನ ಐಜಿಎ ನೋಡಿ ಸ್ಕ್ರೀನಿಂಗ್ ಮಾಡಿದ್ದಾರೆ. ಗಂಟಲಿನ ಒಂದು ಬಗೆಯ ಕ್ಯಾನ್ಸರ್ ಎಚ್‌ಪಿವಿ 16 ವೈರಸ್ಸಿನಿಂದ ಬರುತ್ತದೆ. ಆ ವೈರಸ್ಸಿನ ಇ6 ಎಂಬ ಪ್ರೋಟೀನಿನ ಮೇಲಿನ ಆಂಟಿಬಾಡಿ ಕೆಲವರಲ್ಲಿ ರೋಗ ಕಾಣುವ 10 ವರ್ಷಕ್ಕೂ ಮೊದಲೇ ಇತ್ತು ಅಂತ ಯುರೋಪಿನ ಒಂದು ಅಧ್ಯಯನ 2013ರಲ್ಲಿ ತೋರಿಸಿತು. ಓದಿದಾಗ ನನಗೂ ರೋಮಾಂಚನ ಆಗಿತ್ತು. ಆದರೆ ನಮ್ಮ ಕಡೆಯ ಬಾಯಿ ಕ್ಯಾನ್ಸರ್ ಹೆಚ್ಚಾಗಿ ತಂಬಾಕು ಮತ್ತು ಅಡಿಕೆಯದ್ದು, ಎಚ್‌ಪಿವಿಯದ್ದಲ್ಲ. ಆ ಪರೀಕ್ಷೆ ನಿಮ್ಮ ಚಿಕ್ಕಪ್ಪನಿಗೆ ಉಪಯೋಗಕ್ಕೆ ಬರುವುದಿಲ್ಲ. ವಯಸ್ಕರಲ್ಲಿ ಡರ್ಮಟೋಮಯೋಸೈಟಿಸ್ ಎಂಬ ಚರ್ಮ ಮತ್ತು ಸ್ನಾಯುವಿನ ರೋಗ ಬಂದು, ಟಿಐಎಫ್1 ಗಾಮಾ ಎಂಬ ಪ್ರೋಟೀನಿನ ಮೇಲಿನ ಆಂಟಿಬಾಡಿ ಸಿಕ್ಕಿದರೆ ವೈದ್ಯರು ಮೈಯಲ್ಲೆಲ್ಲ ಕ್ಯಾನ್ಸರ್ ಹುಡುಕುತ್ತಾರೆ. ಅಲ್ಲಿ ಆಂಟಿಬಾಡಿಗೆ ತೂಕ ಇದೆ. ಯಾಕೆಂದರೆ ರೋಗಿ ಮೊದಲೇ ಲಕ್ಷಣ ಹೊತ್ತು ಬಂದಿರುತ್ತಾನೆ.

ಪ್ಯಾಕೇಜುಗಳಲ್ಲಿ ‘ಕ್ಯಾನ್ಸರ್ ಪರೀಕ್ಷೆ’ ಅಂತ ಬರುವ ಸಿಇಎ, ಸಿಎ 125, ಎಎಫ್‌ಪಿ, ಪಿಎಸ್‌ಎ ಇವು ಆಂಟಿಬಾಡಿಗಳಲ್ಲ. ಇವು ನಮ್ಮ ದೇಹದ ಬೇರೆ ಪ್ರೋಟೀನುಗಳು. ಅವನ್ನು ಹಿಡಿಯಲು ಲ್ಯಾಬಿನವರು ಆಂಟಿಬಾಡಿಯನ್ನು ಸಲಕರಣೆಯಾಗಿ ಬಳಸುತ್ತಾರೆ, ಅಷ್ಟೇ. ಸಿಗರೇಟು ಸೇದುವವರಲ್ಲಿ ಸಿಇಎ ಏರುತ್ತದೆ. ಹೊಟ್ಟೆಯ ಕ್ಷಯದಲ್ಲಿ ಸಿಎ 125 ನೂರುಗಟ್ಟಲೆ ಏರುತ್ತದೆ, ಮುಟ್ಟಿನ ಸಮಯದಲ್ಲೂ ಸ್ವಲ್ಪ ಏರುತ್ತದೆ. ನಿಮ್ಮ ತಂದೆಯ ವಿಷಯದಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಆರ್‌ಎ ಫ್ಯಾಕ್ಟರ್ ಜಾಸ್ತಿ ಇರುವವರ ರಕ್ತದಲ್ಲಿ ಅದೇ ಆಂಟಿಬಾಡಿ ಲ್ಯಾಬಿನ ಸಲಕರಣೆಗೆ ಅಂಟಿಕೊಂಡು ಇಲ್ಲದ ಏರಿಕೆ ತೋರಿಸಬಹುದು. ಸಂಧಿವಾತ ಇರಬಹುದಾದವರಿಗೆ ಇಂಥ ಮಾರ್ಕರ್‌ಗಳನ್ನು ಸುಮ್ನೆ ಮಾಡಿಸಿದರೆ ಗೊಂದಲ ಜಾಸ್ತಿಯಾಗುತ್ತದೆ. ಮಾಡಿಸಬೇಡಿ.

ಚಿಕ್ಕಪ್ಪನ ವಿಷಯಕ್ಕೆ ಬರೋಣ. ಅವರಿಗೆ ಬೇಕಾದದ್ದು ಒಂದು ಟಾರ್ಚು, ಬಾಯಿ ತೆರೆಯುವ ಮನಸ್ಸು ಮತ್ತು ನೋಡಲು ಬಲ್ಲ ಒಬ್ಬರು. ಕೇರಳದ ತಿರುವನಂತಪುರದಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಜನರ ಬಾಯಿಯನ್ನು ಕಣ್ಣಿನಿಂದಲೇ ಪರೀಕ್ಷಿಸಿದರು. 1996ರಲ್ಲಿ ಶುರುವಾದ ಆ ಅಧ್ಯಯನದ ಫಲ 2005ರಲ್ಲಿ ಬಂತು. ತಂಬಾಕು ಅಥವಾ ಮದ್ಯದ ಚಟ ಇರುವವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಸುಮಾರು ಮೂರನೇ ಒಂದರಷ್ಟು ಕಡಿಮೆಯಾಗಿತ್ತು. ಇಷ್ಟು ಫಲ ಕೊಟ್ಟ ರಕ್ತಪರೀಕ್ಷೆ ಬಾಯಿ ಕ್ಯಾನ್ಸರಿಗೆ ಇಲ್ಲ. ದವಡೆಯ ಒಳಗೆ, ನಾಲಿಗೆಯ ಅಂಚಿನಲ್ಲಿ, ನಾಲಿಗೆಯ ಕೆಳಗೆ ಉಜ್ಜಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ ಇದೆಯಾ ನೋಡಿ. ಎರಡು ವಾರ ಆದರೂ ಮಾಯದ ಹುಣ್ಣು ಇದೆಯಾ ನೋಡಿ. ಖಾರ ಮಂಡಕ್ಕಿ, ಮಿರ್ಚಿ ಬಾಯಿಗೆ ಹಾಕಿದರೆ ಮೊದಲಿಲ್ಲದ ಉರಿ ಶುರುವಾಗಿದೆಯಾ ಕೇಳಿ. ಅವರದೇ ಮೂರು ಬೆರಳನ್ನು ಒಂದರ ಮೇಲೊಂದು ಇಟ್ಟು ಬಾಯಿಗೆ ಹಿಡಿಸಲು ಹೇಳಿ. ಹಿಡಿಸದಿದ್ದರೆ ಬಾಯಿಯ ಒಳಪದರ ಗಟ್ಟಿಯಾಗುತ್ತಿದೆ ಎಂದು ಅನುಮಾನಿಸಬೇಕು. ಅದು ಮುಖ್ಯವಾಗಿ ಅಡಿಕೆಯಿಂದ ಬರುವ ತೊಂದರೆ. ಮುಂದೆ ಕ್ಯಾನ್ಸರಿಗೆ ತಿರುಗುವ ಸಾಧ್ಯತೆ ಇದೆ.

ಅಡಿಕೆ ಬೆಳೆಯುವ ಮನೆಯವರಿಗೆ ಇದನ್ನು ಹೇಳುವಾಗ ಸಂಕೋಚ ಆಗುತ್ತದೆ. ಆದರೂ ಹೇಳಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಅಡಿಕೆಯನ್ನೇ, ತಂಬಾಕು ಸೇರಿಸದಿದ್ದರೂ, ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಚಿಕ್ಕಪ್ಪ ಗುಟ್ಕಾ ಬಿಟ್ಟು ಬರೀ ಅಡಿಕೆಗೆ ಬಂದರೆ ಅರ್ಧ ದಾರಿ ಬಂದಂತೆ. ದಾವಣಗೆರೆಯಲ್ಲಿ ದಂತ ವೈದ್ಯರಿಗೆ ಕೊರತೆ ಇಲ್ಲ, ಈ ವಾರವೇ ಬಾಯಿ ತೋರಿಸಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ 30 ದಾಟಿದವರಿಗೆ ಬಾಯಿ, ಸ್ತನ, ಗರ್ಭಕೊರಳಿನ ತಪಾಸಣೆ ಮಾಡುವ ಸರ್ಕಾರಿ ಕಾರ್ಯಕ್ರಮ ಇದೆ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಹೇಳುತ್ತಾರೆ. ಪ್ಯಾಕೇಜಿಗೆ ಹಾಕುವ ದುಡ್ಡು ಉಳಿಸಿ, ಮನೆಯ ಹೆಂಗಸರನ್ನು ಅಲ್ಲಿಗೆ ಕರೆದುಕೊಂಡು ಹೋಗಿ.

ತಂದೆಯ ಎಲೆಕ್ಟ್ರೋಫೋರೆಸಿಸ್ ರಿಪೋರ್ಟ್ ಬಂದಾಗ ಅಂಕಿಗಳನ್ನು ಬಿಡಿ, ಕೆಳಗಿನ ಷರಾ ಓದಿ. ‘ಪಾಲಿಕ್ಲೋನಲ್ ಏರಿಕೆ, ಎಂ ಬ್ಯಾಂಡ್ ಇಲ್ಲ’ ಅಂತ ಇದ್ದು, ಲೈಟ್ ಚೈನುಗಳೂ ಸರಿ ಇದ್ದರೆ ಮೈಲೋಮಾದ ಮಾತು ಬಹುಮಟ್ಟಿಗೆ ಮುಗಿಯಿತು, ಕೀಲಿನ ಚಿಕಿತ್ಸೆ ಶುರು ಮಾಡಿಸಿ. ಎಂ ಬ್ಯಾಂಡ್ ಇದ್ದರೆ ಆಗ ರಕ್ತರೋಗ ತಜ್ಞರ ಹತ್ತಿರ, ಬೇಕಾದರೆ ಕಿದ್ವಾಯಿಗೆ, ಎಲ್ಲ ರಿಪೋರ್ಟ್ ಹಿಡಿದು ಹೋಗಿ. ನಡುವೆ ವಾರಕ್ಕೊಮ್ಮೆ ಐಜಿಜಿ ಮಾಡಿಸಿ ಇಳಿಯಿತಾ ಏರಿತಾ ಅಂತ ನೋಡಬೇಡಿ. ಒಮ್ಮೆ ತಯಾರಾದ ಐಜಿಜಿ ಅರ್ಧಕ್ಕೆ ಇಳಿಯಲು ಸುಮಾರು ಮೂರು ವಾರ ಬೇಕು.

ನಿಮ್ಮ ತಮ್ಮನ ಆಂಟಿ ಎಚ್‌ಬಿಎಸ್ 340 ಜಾಸ್ತಿಯೇ, ಮತ್ತು ಅದು ಜಾಸ್ತಿ ಇರಬೇಕಾದದ್ದೇ. ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಂಡವರಲ್ಲಿ ಈ ಆಂಟಿಬಾಡಿ ಏಳುತ್ತದೆ, 10 ದಾಟಿದರೆ ರಕ್ಷಣೆ ಇದೆ ಅಂತ ಲೆಕ್ಕ. ಹೆಪಟೈಟಿಸ್ ಬಿ ವೈರಸ್ ಲಿವರ್ ಕ್ಯಾನ್ಸರಿಗೆ ದೊಡ್ಡ ಕಾರಣ. ತೈವಾನಿನಲ್ಲಿ 1984ರಲ್ಲಿ ಮಕ್ಕಳಿಗೆ ಲಸಿಕೆ ಶುರು ಮಾಡಿದ ಮೇಲೆ ಮಕ್ಕಳಲ್ಲಿ ಲಿವರ್ ಕ್ಯಾನ್ಸರ್ ಇಳಿಯಿತು. ರಿಪೋರ್ಟಿನಲ್ಲಿ ‘ಎಚ್‌ಬಿಎಸ್‌ಎಜಿ’ ಎಂಬ ಇನ್ನೊಂದು ಸಾಲು ಇರುತ್ತದೆ. ಅದು ವೈರಸ್ಸಿನ ಗುರುತು, ಅದು ನೆಗೆಟಿವ್ ಇರಬೇಕು. ಎರಡನ್ನೂ ಒಂದೇ ಅಂತ ತಿಳಿದು ಹೆದರುವವರು ಬಹಳ. ನಿಮ್ಮಲ್ಲಿ ಯಾರಿಗಾದರೂ ಈ ಲಸಿಕೆ ಆಗಿಲ್ಲದಿದ್ದರೆ, ಮೊದಲು ಎಚ್‌ಬಿಎಸ್‌ಎಜಿ ಒಂದು ನೋಡಿಸಿ, ನೆಗೆಟಿವ್ ಬಂದರೆ ಇವತ್ತು ಒಂದು, ಒಂದು ತಿಂಗಳಿಗೆ ಇನ್ನೊಂದು, ಆರನೇ ತಿಂಗಳಿಗೆ ಮತ್ತೊಂದು ಹಾಕಿಸಿಕೊಳ್ಳಿ.